‘ಯೂಸ್ಡ್ ಟು’ ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು

‘ಐ ಯೂಸ್ ಟು ಗೆಟ್ ಅಪ್ ಅಟ್ ಫೈವ್ ಡೇಲಿ.’ ಕೆಲಸದ ಸಂದರ್ಶನಗಳಲ್ಲಿ ಈ ವಾಕ್ಯ ಎಷ್ಟು ಸಲ ಕೇಳಿಬರುತ್ತದೆಂದರೆ, ಅದು ತಪ್ಪು ಎಂದೇ ಯಾರಿಗೂ ಅನಿಸುವುದಿಲ್ಲ. ಹೇಳುವವರ ಮನಸ್ಸಿನಲ್ಲಿ ಇರುವುದು ‘ನಾ ದಿನಾ ಐದಕ್ಕ ಏಳ್ತೀನ್ರಿ’ ಎಂಬ ಮಾತು. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಕಿವಿಗೆ ಬೀಳುವುದು ಮಾತ್ರ ‘ಮೊದಲು ಐದಕ್ಕೆ ಏಳುತ್ತಿದ್ದೆ, ಈಗ ಬಿಟ್ಟುಬಿಟ್ಟಿದ್ದೇನೆ’ ಎಂದು. ಒಳ್ಳೆಯ ಅಭ್ಯಾಸವೊಂದನ್ನು ಹೇಳಿಕೊಳ್ಳಲು ಹೋಗಿ, ಅದನ್ನು ಬಿಟ್ಟವರೆಂದು ಹೇಳಿಕೊಂಡಂತಾಗುತ್ತದೆ. ಇಷ್ಟು ಉಪಯುಕ್ತವಾದ ರಚನೆ ಇಷ್ಟು ಕೆಟ್ಟದಾಗಿ ಬಳಕೆಯಾಗಬಾರದು. ಮೂರು ಅರ್ಥಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ತೊಡಕು ಬಹುಪಾಲು ಬಿಡುತ್ತದೆ.

ಮೊದಲು ಮೂರನ್ನೂ ಬಿಡಿಸಿಕೊಳ್ಳಿ

ಇಳಕಲ್ಲಿನ ನೇಕಾರಿಕೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

‘ಮೈ ಅಂಕಲ್ ಯೂಸ್ಡ್ ಟು ವೀವ್ ಸ್ಯಾರೀಸ್.’ ಕಾಕಾ ಮೊದಲ ಸೀರಿ ನೇಯ್ತಿದ್ದ; ಈಗ ನೇಯುವುದಿಲ್ಲ.

‘ಮೈ ಅಂಕಲ್ ಈಸ್ ಯೂಸ್ಡ್ ಟು ವೀವಿಂಗ್ ಸ್ಯಾರೀಸ್.’ ಕಾಕಾಗ ಸೀರಿ ನೇಯೂದು ರೂಢಿ ಐತಿ. ಇಂದಿಗೂ ನೇಯುತ್ತಾನೆ, ಅವನಿಗೆ ಅದು ಕಷ್ಟ ಎನಿಸುವುದಿಲ್ಲ.

‘ದ ಪಿಟ್ ಲೂಮ್ ಈಸ್ ಯೂಸ್ಡ್ ಟು ವೀವ್ ಸ್ಯಾರೀಸ್.’ ಕುಣಿಮಗ್ಗವನ್ನು ಸೀರೆ ನೇಯಲು ಬಳಸುತ್ತಾರೆ.

ಬರೆದಾಗ ಮೂರರಲ್ಲೂ ಅದೇ ಯೂಸ್ಡ್ ಟು. ಆದರೆ ಹಿಂದೆ ‘ಈಸ್’ ಇದೆಯೋ ಇಲ್ಲವೋ, ಮುಂದೆ ಬರಿಯ ಕ್ರಿಯಾಪದ ಇದೆಯೋ ಅಥವಾ ‘ಇಂಗ್’ ಹತ್ತಿದ್ದು ಇದೆಯೋ, ಈ ಎರಡು ಕಡೆ ನೋಡಿದರೆ ಅರ್ಥ ಸಿಗುತ್ತದೆ. ‘ಮೈ ಅಂಕಲ್ ಈಸ್ ಯೂಸ್ಡ್ ಟು ವೀವ್’ ಎಂದು ಎರಡನೆಯದನ್ನೂ ಮೂರನೆಯದನ್ನೂ ಬೆರೆಸಿದರೆ, ಕಾಕಾನನ್ನೇ ನೇಯುವ ಸಾಧನವಾಗಿ ಬಳಸುತ್ತಾರೆ ಎಂದಾಗುತ್ತದೆ.

ಕಿವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲ ಎರಡರಲ್ಲಿ ‘ಡಿ’ ನುಂಗಿಹೋಗಿ, ಎರಡೂ ಪದ ಕೂಡಿ ‘ಯೂಸ್ಟು’ ಎಂದು ಕೇಳಿಸುತ್ತದೆ. ಮೂರನೆಯದು ‘ಬಳಸು’ ಎಂಬ ಅರ್ಥದ ಪದವಾದ್ದರಿಂದ ‘ಯೂಜ್ಡ್ ಟು’ ಎಂದು ಬಿಡಿಬಿಡಿಯಾಗಿ ಬರುತ್ತದೆ.

ಹಳೆಯ ಮಾತಿಗೆ: ಯೂಸ್ಡ್ ಟು, ಮುಂದೆ ಬರಿಯ ಕ್ರಿಯಾಪದ

ಮೊದಲು ಇತ್ತು, ಈಗ ಇಲ್ಲ. ಮೊದಲು ಮಾಡುತ್ತಿದ್ದೆ, ಈಗ ಮಾಡುವುದಿಲ್ಲ. ಈ ಅರ್ಥ ಇದ್ದಲ್ಲಿ ಮಾತ್ರ ಇದನ್ನು ಹಚ್ಚಿ. ಕರ್ತೃ ಯಾರೇ ಇರಲಿ, ರೂಪ ಬದಲಾಗುವುದಿಲ್ಲ: ಐ ಯೂಸ್ಡ್ ಟು, ಶಿ ಯೂಸ್ಡ್ ಟು, ದೇ ಯೂಸ್ಡ್ ಟು.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಉದಾಹರಣೆಗಳಿಗೇನೂ ಬರವಿಲ್ಲ. ಬಾಗಲಕೋಟೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕಿಂತ ಮೊದಲಿನ ಮಾತು ಹೇಳಬೇಕಾದರೆ ‘ಬಾಗಲಕೋಟ್ ಯೂಸ್ಡ್ ಟು ಬಿ ಇನ್ ಬಿಜಾಪುರ್ ಡಿಸ್ಟ್ರಿಕ್ಟ್’. ಸೊಲ್ಲಾಪುರ–ಗದಗ ಮಾರ್ಗದಲ್ಲಿ ವಿಜಯಪುರದ ಮೇಲೆ ಓಡುತ್ತಿದ್ದ ಹಳೆಯ ಗಾಡಿಗಳಿಗೆ ‘ಮೀಟರ್ ಗೇಜ್ ಟ್ರೇನ್ಸ್ ಯೂಸ್ಡ್ ಟು ರನ್ ಆನ್ ದಿಸ್ ಲೈನ್’. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯ ಮನೆ ಬಿಟ್ಟುಬಂದವರು ‘ಅವರ್ ಹೌಸ್ ಯೂಸ್ಡ್ ಟು ಬಿ ಇನ್ ದಿ ಓಲ್ಡ್ ಟೌನ್’ ಎನ್ನಬಹುದು.

ಆದರೆ ಆ ಮನೆ ಬಿಟ್ಟ ಘಟನೆ ಒಂದೇ ಸಲ ನಡೆದದ್ದು. ಅದಕ್ಕೆ ಸಾದಾ ಭೂತಕಾಲವೇ ಸರಿ: ‘ವಿ ಮೂವ್ಡ್ ಟು ನವನಗರ’. ಹಾಗೆಯೇ ‘ಪೀಪಲ್ ಯೂಸ್ಡ್ ಟು ರೈಟ್ ಬೆಳಗಾಮ್’ ಸರಿ, ಬಹುಕಾಲ ನಡೆದ ರೂಢಿ ಅದು. 2014ರ ನವೆಂಬರ್ 1ರಂದು ಹೆಸರು ಬದಲಾದದ್ದಕ್ಕೆ ಮಾತ್ರ ‘ದ ನೇಮ್ ಚೇಂಜ್ಡ್ ಇನ್ 2014’.

ಇಲ್ಲಿಯೇ ಅತಿ ಹೆಚ್ಚು ಎಡವುವುದು. ‘ಐ ಯೂಸ್ಡ್ ಟು ಲಿವ್ ಇನ್ ಗೋಕಾಕ್ ಫಾರ್ ಫೈವ್ ಇಯರ್ಸ್’ ಎಂದು ಬರೆಯುತ್ತಾರೆ. ಒಟ್ಟು ಎಷ್ಟು ವರ್ಷ, ಒಟ್ಟು ಎಷ್ಟು ಸಲ ಎಂದು ಲೆಕ್ಕ ಕೊಟ್ಟ ಕೂಡಲೇ ಯೂಸ್ಡ್ ಟು ಬಿಡಬೇಕು: ‘ಐ ಲಿವ್ಡ್ ಇನ್ ಗೋಕಾಕ್ ಫಾರ್ ಫೈವ್ ಇಯರ್ಸ್’. ‘ವಾರಕ್ಕೆ ಎರಡು ಸಲ’ ಎಂಬಂಥ ಲೆಕ್ಕ ಬೇರೆ. ಅದು ರೂಢಿಯ ಲೆಕ್ಕ. ‘ವಿ ಯೂಸ್ಡ್ ಟು ಗೋ ಟು ದ ಮಾರ್ಕೆಟ್ ಟ್ವೈಸ್ ಎ ವೀಕ್’ ಎನ್ನಲು ಅಡ್ಡಿಯಿಲ್ಲ.

‘ದೇರ್ ಯೂಸ್ಡ್ ಟು ಬಿ’ ಎಂಬ ರೂಪವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ‘ಇಲ್ಲೆ ಮೊದಲ ಟಾಂಗಾ ಸ್ಟ್ಯಾಂಡ್ ಇತ್ತು’ ಎನ್ನುವುದು ‘ದೇರ್ ಯೂಸ್ಡ್ ಟು ಬಿ ಎ ಟಾಂಗಾ ಸ್ಟ್ಯಾಂಡ್ ಹಿಯರ್’. ಊರು ತೋರಿಸುವಾಗ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ವಾಕ್ಯ ಸಿಗುವುದು ಕಷ್ಟ.

‘ಹೋಗ್ತಿದ್ದೆ’ ಎರಡು ದಾರಿ ಹಿಡಿಯುತ್ತದೆ

ಕನ್ನಡದ ‘ಹೋಗುತ್ತಿದ್ದೆ’ ಒಂದೇ ರೂಪ, ಇಂಗ್ಲಿಷಿನಲ್ಲಿ ಎರಡು. ‘ನೀವು ಫೋನ್ ಮಾಡ್ದಾಗ ನಾ ಬಜಾರಕ್ಕ ಹೋಗ್ತಿದ್ದೆ’ ಎಂದರೆ ಒಂದು ಗಳಿಗೆಯ ಮಾತು: ಐ ವಾಸ್ ಗೋಯಿಂಗ್. ‘ಸಾಲ್ಯಾಗಿದ್ದಾಗ ಸೈಕಲ್ ಮ್ಯಾಲ ಹೋಗ್ತಿದ್ದೆ’ ಎಂದರೆ ವರ್ಷಗಟ್ಟಲೆ ನಡೆದದ್ದು: ಐ ಯೂಸ್ಡ್ ಟು ಗೋ ಟು ಸ್ಕೂಲ್ ಬೈ ಸೈಕಲ್. ನಮ್ಮವರು ಎರಡಕ್ಕೂ ‘ವಾಸ್ ಗೋಯಿಂಗ್’ ಹಚ್ಚಿಬಿಡುತ್ತಾರೆ. ಕಾರಣ ಕನ್ನಡದ ರೂಪ ಒಂದೇ ಆಗಿರುವುದು. ವಾಕ್ಯದಲ್ಲಿ ಗಡಿಯಾರದ ಹೊತ್ತು ಇದೆಯೋ, ಬದುಕಿನ ಒಂದು ಕಾಲವಿದೆಯೋ ಎಂದು ಕೇಳಿಕೊಳ್ಳಿ.

ಇಂಥಲ್ಲಿ ‘ವುಡ್’ ಕೂಡ ಬರುತ್ತದೆ: ‘ಎವ್ರಿ ಸಮರ್ ವಿ ವುಡ್ ಸ್ಲೀಪ್ ಆನ್ ದ ಟೆರೇಸ್’. ಅದು ಮಾಡುವ ಕೆಲಸಕ್ಕೆ ಮಾತ್ರ. ಇರುವ ಸ್ಥಿತಿಗೆ ಅಲ್ಲ. ‘ನನ್ನ ಹತ್ತರ ಒಂದು ಸೈಕಲ್ ಇತ್ತು’ ಎನ್ನಲು ‘ಐ ಯೂಸ್ಡ್ ಟು ಹ್ಯಾವ್ ಎ ಸೈಕಲ್’ ಎನ್ನಬೇಕು, ಅಲ್ಲಿ ‘ವುಡ್ ಹ್ಯಾವ್’ ನಡೆಯದು.

ಪ್ರಶ್ನೆ ಮತ್ತು ನಿಷೇಧ

‘ಡಿಡ್’ ಬಂದ ಕಡೆ ‘ಡಿ’ ಬೀಳುತ್ತದೆ, ಏಕೆಂದರೆ ಭೂತಕಾಲದ ಗುರುತನ್ನು ‘ಡಿಡ್’ ಆಗಲೇ ಹೊತ್ತಿರುತ್ತದೆ. ‘ಡಿಡ್ ಯು ಯೂಸ್ ಟು ಲಿವ್ ಹಿಯರ್?’ ‘ಐ ಡಿಡಂಟ್ ಯೂಸ್ ಟು ಡ್ರಿಂಕ್ ಟೀ.’ ಮಾತಿನಲ್ಲಿ ‘ಯೂಸ್ ಟು’, ‘ಯೂಸ್ಡ್ ಟು’ ಎರಡೂ ಒಂದೇ ಥರ ಕೇಳುವುದರಿಂದ ತಪ್ಪು ಸಿಕ್ಕಿಬೀಳುವುದು ಬರವಣಿಗೆಯಲ್ಲಿ. ಸುಲಭದ ದಾರಿಯೆಂದರೆ ‘ನೆವರ್’: ‘ಐ ನೆವರ್ ಯೂಸ್ಡ್ ಟು ಡ್ರಿಂಕ್ ಟೀ’. ಇಲ್ಲಿ ‘ಡಿಡ್’ ಇಲ್ಲ, ಹೀಗಾಗಿ ‘ಡಿ’ ಉಳಿಯುತ್ತದೆ.

ಇಂದಿನ ದಿನಚರಿಗೆ ಇದು ಬೇಡವೇ ಬೇಡ

ಈ ರಚನೆಗೆ ವರ್ತಮಾನಕಾಲದ ರೂಪವೇ ಇಲ್ಲ. ‘ಐ ಯೂಸ್ ಟು ಗೋ’ ಎಂಬುದು ಇಂದಿನ ಮಾತಾಗುವುದಿಲ್ಲ. ದಿನಾ ಐದಕ್ಕೆ ಏಳುವವರು ‘ಐ ಗೆಟ್ ಅಪ್ ಅಟ್ ಫೈವ್ ಎವ್ರಿ ಡೇ’ ಎಂದರೆ ಸಾಕು. ಹೆಚ್ಚಾಗಿ ಹಾಗೆ ಮಾಡುವವರಾದರೆ ‘ಐ ಯೂಶುವಲಿ ಗೆಟ್ ಅಪ್ ಅಟ್ ಫೈವ್’.

ರೂಢಿಗೆ: ಬಿ ಯೂಸ್ಡ್ ಟು, ಗೆಟ್ ಯೂಸ್ಡ್ ಟು

ಹೊಸದು, ತ್ರಾಸಿನದು ಎನ್ನುವ ಭಾವ ಹೋಗಿದೆ ಎನ್ನಲು ‘ಆಮ್, ಈಸ್, ಆರ್, ವಾಸ್, ವರ್’ ಹಿಂದೆ ಇಟ್ಟು ‘ಯೂಸ್ಡ್ ಟು’ ಹಾಕಿ. ಮುಂದೆ ನಾಮಪದ ಬರಬೇಕು ಅಥವಾ ‘ಇಂಗ್’ ರೂಪ ಬರಬೇಕು. ವಿಜಯಪುರದವರು ‘ಐ ಆಮ್ ಯೂಸ್ಡ್ ಟು ದ ಹೀಟ್’ ಎನ್ನಬಹುದು. ಅದೇ ಮನುಷ್ಯ ಬೆಳಗಾವಿಗೆ ವರ್ಗವಾಗಿ ಬಂದು ಜುಲೈ ತಿಂಗಳ ಜಿಟಿಜಿಟಿ ಮಳೆ ನೋಡಿದರೆ ‘ಐ ಆಮ್ ನಾಟ್ ಯೂಸ್ಡ್ ಟು ದಿಸ್ ರೇನ್’. ಇಲ್ಲಿ ನಿಷೇಧಕ್ಕೆ ‘ಡಿಡಂಟ್’ ಬೇಕಿಲ್ಲ, ‘ನಾಟ್’ ಸಾಕು. ಕೆಲವು ವಾರ ಕಳೆದ ಮೇಲೆ ‘ಐ ಆಮ್ ಗೆಟಿಂಗ್ ಯೂಸ್ಡ್ ಟು ಇಟ್’, ಅಂದರೆ ಈಗೀಗ ರೂಢಿ ಆಗಾಕತ್ತೈತಿ. ಪಕ್ಕದ ಮನೆಯವರು ‘ರೂಢಿ ಆಗ್ತೈತಿ ಬಿಡ್ರಿ’ ಎಂದು ಧೈರ್ಯ ಹೇಳುವ ಮಾತೇ ‘ಯು ವಿಲ್ ಗೆಟ್ ಯೂಸ್ಡ್ ಟು ಇಟ್’. ‘ಬಿ’ ಆಗಿರುವ ಸ್ಥಿತಿಗೆ, ‘ಗೆಟ್’ ಆಗುತ್ತಿರುವ ಬದಲಾವಣೆಗೆ.

‘ಇಂಗ್’ ಏಕೆ? ಇಲ್ಲಿಯ ‘ಟು’ ಕ್ರಿಯಾಪದಕ್ಕೆ ಸೇರಿದ್ದಲ್ಲ, ನಾಮಪದಕ್ಕೆ ಸೇರುವ ವಿಭಕ್ತಿಯಂಥದ್ದು. ಅನುಮಾನ ಬಂದಾಗ ‘ಟು’ ಆದಮೇಲೆ ‘ಇಟ್’ ಇಟ್ಟು ನೋಡಿ. ‘ಐ ಆಮ್ ಯೂಸ್ಡ್ ಟು ಇಟ್’ ಸಲೀಸಾಗಿ ನಿಲ್ಲುತ್ತದೆ, ಹಾಗಾದರೆ ಕ್ರಿಯಾಪದಕ್ಕೆ ‘ಇಂಗ್’ ಹಚ್ಚಿ. ‘ಐ ಯೂಸ್ಡ್ ಟು ಇಟ್’ ನಿಲ್ಲುವುದಿಲ್ಲ, ಹಾಗಾದರೆ ಬರಿಯ ಕ್ರಿಯಾಪದ.

ಒಂದು ಎಚ್ಚರ. ‘ನನಗ ಮುಂಜಾನೆ ಚಾ ಕುಡಿಯೋ ರೂಢಿ ಐತಿ’ ಎಂಬಲ್ಲಿ ‘ರೂಢಿ’ ಎಂದರೆ ದಿನಚರಿ. ಅದು ‘ಐ ಯೂಶುವಲಿ ಡ್ರಿಂಕ್ ಟೀ ಇನ್ ದ ಮಾರ್ನಿಂಗ್’. ‘ಸಕ್ಕರಿ ಇಲ್ಲದ ಚಾ ರೂಢಿ ಆಗೇತಿ’ ಎಂಬಲ್ಲಿ ಮಾತ್ರ ಹೊಂದಿಕೊಂಡ ಅರ್ಥವಿದೆ: ‘ಐ ಆಮ್ ಯೂಸ್ಡ್ ಟು ಡ್ರಿಂಕಿಂಗ್ ಟೀ ವಿದೌಟ್ ಶುಗರ್’.

ಹಾಳೆ ತೆಗೆದುಕೊಂಡು ಬರೆಯಿರಿ

ಕೆಳಗಿನ ಉತ್ತರಗಳನ್ನು ಮುಚ್ಚಿಕೊಂಡು ಇವನ್ನು ಇಂಗ್ಲಿಷಿಗೆ ತನ್ನಿ: ಮೊದಲ ನಮ್ಮ ಅಂಗಡಿ ಶಹಾಪುರದಾಗ ಇತ್ತು. ನಾ ದಿನಾ ಬಸ್ಸಿನಾಗ ಹೋಗ್ತೀನಿ. ನಮ್ಮವ್ವಗ ಕಟಗಿ ಒಲಿ ಮ್ಯಾಲ ಅಡಗಿ ಮಾಡೂದು ರೂಢಿ ಐತಿ. ಹೋದ ವರ್ಷ ಎರಡ ಸಲ ಬಾದಾಮಿಗೆ ಹೋಗಿದ್ದೆ. ಈ ಪರಾತ ಹಿಟ್ಟು ನಾದಾಕ ಬಳಸ್ತಾರ.

ಉತ್ತರ: ಅವರ್ ಶಾಪ್ ಯೂಸ್ಡ್ ಟು ಬಿ ಇನ್ ಶಹಾಪುರ. ಐ ಗೋ ಬೈ ಬಸ್ ಎವ್ರಿ ಡೇ. ಮೈ ಮದರ್ ಈಸ್ ಯೂಸ್ಡ್ ಟು ಕುಕಿಂಗ್ ಆನ್ ಎ ವುಡ್ ಸ್ಟವ್. ಐ ವೆಂಟ್ ಟು ಬಾದಾಮಿ ಟ್ವೈಸ್ ಲಾಸ್ಟ್ ಇಯರ್. ದಿಸ್ ಪ್ಲೇಟ್ ಈಸ್ ಯೂಜ್ಡ್ ಟು ನೀಡ್ ಡೋ. ನಾಲ್ಕನೆಯದಕ್ಕೆ ‘ಯೂಸ್ಡ್ ಟು’ ಹಾಕಿದ್ದರೆ, ಲೆಕ್ಕ ಕೊಟ್ಟಲ್ಲಿ ಅದನ್ನು ಬಿಡಬೇಕೆಂಬ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳಿ. ಐದನೆಯದನ್ನು ಗಟ್ಟಿಯಾಗಿ ಓದುವಾಗ ‘ಯೂಸ್ಟು’ ಎಂದು ಕೂಡಿಸದೆ ‘ಯೂಜ್ಡ್ ಟು’ ಎಂದು ಬಿಡಿಸಿ ಹೇಳಿ.