ಗೀರು ಎಳೆದು ಕೋಶದ ನಡಿಗೆ ಅಳೆಯುವುದು: ಎನ್‌ಎಂಇ1 ಕೆಲಸಕ್ಕೆ ಬರುವ ಮಕ್ಕಳಿಗೆ

ಕೋಶಗಳನ್ನು ಬೆಳೆಸುವ ನಮ್ಮ ಸೆಲ್ ಕಲ್ಚರ್ ರೂಮಿಗೆ ಪ್ರತಿ ವರ್ಷ ಇಬ್ಬರೋ ಮೂವರೋ ಎಂಎಸ್ಸಿ ಪ್ರಾಜೆಕ್ಟ್ ಮಕ್ಕಳು ಬರುತ್ತಾರೆ. ಹಾಸನದಿಂದ, ಚಿತ್ರದುರ್ಗದಿಂದ, ಈ ಸಲ ಒಬ್ಬಳು ಸಿಂಧನೂರಿನಿಂದ. ಪ್ರೋಟೋಕಾಲ್ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಅಂಟಿಸಿದ್ದೇವೆ. ಆದರೂ ಹುಡ್ (ಶುದ್ಧ ಗಾಳಿಯ ಪೆಟ್ಟಿಗೆ) ಮುಂದೆ ಕೂತ ಮೇಲೆ ಅವರು ಕೇಳುವುದು ಕನ್ನಡದಲ್ಲೇ, ನಾನು ಹೇಳಿಕೊಡುವುದೂ ಕನ್ನಡದಲ್ಲೇ. ಹದಿಮೂರು ವರ್ಷ ಬಾಯಲ್ಲಿ ಹೇಳಿದ್ದನ್ನು ಒಮ್ಮೆ ಬರೆದಿಡೋಣ ಅನ್ನಿಸಿತು. ಪ್ರಯೋಗ ಇಷ್ಟೇ: ಪ್ಲೇಟಿನ ತಳ ತುಂಬಿದ ಕೋಶಗಳ ಪದರದ ಮೇಲೆ ಒಂದು ಗೀರು ಎಳೆದು, ಅಂಚಿನ ಕೋಶಗಳು ನಡೆದು ಬಂದು ಅದನ್ನು ಎಷ್ಟು ಮುಚ್ಚುತ್ತವೆ ಎಂದು ಅಳೆಯುವುದು.

ಎನ್‌ಎಂಇ1 ಅನ್ನುವುದು ನಮ್ಮ 17ನೇ ಕ್ರೋಮೋಸೋಮಿನಲ್ಲಿರುವ ಜೀನ್, ಹಳೆಯ ಹೆಸರು ಎನ್‌ಎಂ23. 1988ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಪೆಟ್ರೀಷಿಯಾ ಸ್ಟೀಗ್ ಮತ್ತು ಜೊತೆಗಾರರು ಇಲಿಯ ಒಂದೇ ಮೆಲನೋಮಾದಿಂದ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಬಂದ ಕೋಶಗಳ ಬೇರೆ ಬೇರೆ ಸಾಲುಗಳನ್ನು (ಸೆಲ್ ಲೈನ್) ಹೋಲಿಸಿ ನೋಡಿದರು. ಹೆಚ್ಚು ಹರಡುವ ಸಾಲುಗಳಲ್ಲಿ ಈ ಜೀನಿನ ಆರ್‌ಎನ್‌ಎ (ಪ್ರೋಟೀನು ಮಾಡಲು ಜೀನಿನಿಂದ ಹೊರಡುವ ನಕಲು) ಕಡಿಮೆ ಇತ್ತು, ಅಷ್ಟಾಗಿ ಹರಡದವುಗಳಲ್ಲಿ ಹೆಚ್ಚಿತ್ತು. ಇದರಿಂದ ಬರುವ ಪ್ರೋಟೀನು 152 ಅಮೈನೋ ಆಮ್ಲಗಳ ಕಿಣ್ವ, ಆರು ಪ್ರತಿ ಸೇರಿ ಒಂದು ಗುಂಪಾಗಿ ದುಡಿಯುತ್ತದೆ. ಕೋಶದ ಇಂಧನವಾದ ಎಟಿಪಿಯಿಂದ ಫಾಸ್ಫೇಟ್ ತೆಗೆದು, ತನ್ನ 118ನೇ ಜಾಗದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಮೇಲೆ ಕ್ಷಣ ಹೊತ್ತಿದ್ದು, ಎಟಿಪಿಯ ಬಂಧುವಾದ ಜಿಡಿಪಿಯಂಥ ಅಣುವಿಗೆ ದಾಟಿಸುತ್ತದೆ.

ಈ ಜೀನನ್ನು ಹರಡುವಿಕೆ ತಡೆಯುವ ಜೀನ್ ಎನ್ನುತ್ತಾರೆ, ಗಡ್ಡೆ ತಡೆಯುವ ಜೀನ್ ಎನ್ನುವುದಿಲ್ಲ. ಅದು ಹೆಚ್ಚಿದ್ದರೂ ಮೊದಲ ಗಡ್ಡೆ ಬೆಳೆಯುತ್ತಲೇ ಇರುತ್ತದೆ. ನನ್ನ ದೊಡ್ಡಮ್ಮನ ಎದೆಯ ಗಂಟನ್ನು ಪೂರ್ತಿ ತೆಗೆದಿದ್ದರು. ಮೂರು ವರ್ಷದ ಮೇಲೆ ಬೆನ್ನುಮೂಳೆಗೂ ಲಿವರ್‌ಗೂ ಬಂತು. "ಗಂಟು ತೆಗೆದಾಯ್ತಲ್ಲ ಪುಟ್ಟಿ, ಮತ್ತೆ ಸೊಂಟ ಯಾಕೆ ನೋಯ್ತದೆ?" ಎಂದು ಕೇಳುತ್ತಿದ್ದರು. ಬೆಳೆಯುವುದು ಬೇರೆ, ನಡೆದು ಹೋಗುವುದು ಬೇರೆ. ನೀವು ಈ ಪ್ರಯೋಗದಲ್ಲಿ ಅಳೆಯಬೇಕಾದದ್ದು ಎರಡನೆಯದನ್ನು ಮಾತ್ರ.

ಎರಡು ಗುಂಪು ಕೋಶ ಬೇಕು. ನಾವು ಬಳಸುವುದು ಎಂಡಿಎ-ಎಂಬಿ-231, ಚೆನ್ನಾಗಿ ಓಡಾಡುವ ಸ್ತನ ಕ್ಯಾನ್ಸರ್ ಕೋಶ. ಒಂದಕ್ಕೆ ಖಾಲಿ ವೆಕ್ಟರ್ (ಜೀನನ್ನು ಕೋಶದೊಳಗೆ ಒಯ್ಯುವ ಡಿಎನ್‌ಎ), ಇನ್ನೊಂದಕ್ಕೆ ಎನ್‌ಎಂಇ1 ಹಾಕಿದ್ದು. ಹಳೆಯ ಪೇಪರ್‌ಗಳಲ್ಲಿ ಎಂಡಿಎ-ಎಂಬಿ-435 ಸಿಕ್ಕರೆ ಎಚ್ಚರ. ವರ್ಷಗಟ್ಟಲೆ ಅದನ್ನು ಸ್ತನ ಕ್ಯಾನ್ಸರ್ ಎಂದೇ ನಂಬಿದ್ದರು, ಆಮೇಲೆ ಅದು ಮೆಲನೋಮಾ ಸಾಲು ಎಂದು ತಿಳಿಯಿತು. ಗೀರು ಎಳೆಯುವ ಮೊದಲು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದಂತೆ ಬೇರ್ಪಡಿಸಿ, ಬೇಕಾದದ್ದನ್ನು ಆ್ಯಂಟಿಬಾಡಿಯಿಂದ ಗುರುತಿಸುವುದು) ಮಾಡಿ ಪ್ರೋಟೀನು ನಿಜವಾಗಿ ಹೆಚ್ಚಿದೆಯೇ ನೋಡಿ. ಬರೀ 17 ಕಿಲೋಡಾಲ್ಟನ್ನಿನದು, ಜೆಲ್ಲಿನ ತಳದಲ್ಲಿರುತ್ತದೆ. 15 ಪರ್ಸೆಂಟ್ ಜೆಲ್ ಹಾಕಿ, ನೀಲಿ ಬಣ್ಣ ಹೊರಗೆ ಹೋಗುವವರೆಗೆ ಓಡಿಸಬೇಡಿ. ಕ್ರೋಮೋಸೋಮಿನಲ್ಲಿ ಪಕ್ಕದ ಮನೆಯ ಜೀನಾದ ಎನ್‌ಎಂಇ2ರ ಪ್ರೋಟೀನು ಇದನ್ನೇ ಬಹುಪಾಲು ಹೋಲುತ್ತದೆ. ಆ್ಯಂಟಿಬಾಡಿ ಇವೆರಡನ್ನೂ ಒಟ್ಟಿಗೆ ಹಿಡಿಯುತ್ತದೆಯೇ ಎಂದು ಅದರ ಜೊತೆ ಬರುವ ಚೀಟಿ ಓದಿ.

12 ವೆಲ್ಲಿನ (ಗುಳಿಯ) ಪ್ಲೇಟ್ ತೆಗೆದುಕೊಂಡು, ಕೋಶ ಹಾಕುವ ಮೊದಲೇ ತಳದ ಹೊರಮೈಗೆ ಮಾರ್ಕರಿನಿಂದ ಅಡ್ಡಗೆರೆ ಹಾಕಿ. ಗೀರು ಈ ಗೆರೆಯನ್ನು ಕತ್ತರಿಸಿ ಹೋಗುವ ಜಾಗವೇ ಪ್ರತಿ ಸಲ ಫೋಟೋ ತೆಗೆಯಬೇಕಾದ ಜಾಗ. ಈ ಗೆರೆ ಮರೆತವರು ರಾತ್ರಿ ಬಂದು ಬೆಳಗಿನ ಜಾಗ ಹುಡುಕುತ್ತಾ ಕೂರುತ್ತಾರೆ. ವೆಲ್ಲಿಗೆ ನಾವು 4 ಲಕ್ಷ ಕೋಶ ಹಾಕುತ್ತೇವೆ, ಮರುದಿನ ಬೆಳಿಗ್ಗೆಗೆ ತಳ ತುಂಬಿರುತ್ತದೆ. ತುಂಬದಿದ್ದರೆ ಗೀರಬೇಡಿ, ಕಾಯಿರಿ.

ಕೈ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. 200 ಮೈಕ್ರೋಲೀಟರಿನ ಟಿಪ್ಪನ್ನು ಲಂಬವಾಗಿ ಹಿಡಿಯಿರಿ. ಮೊಣಕೈ ಹುಡ್ಡಿನ ಮೇಜಿನ ಮೇಲಿರಲಿ. ಈ ಅಂಚಿನಿಂದ ಆ ಅಂಚಿಗೆ ಒಂದೇ ಉಸಿರಿನಲ್ಲಿ. ರಂಗೋಲಿ ಗೆರೆ ಎಳೆಯುವಾಗ ನಡುವೆ ಕೈ ನಿಂತರೆ ಅಲ್ಲಿ ಪುಡಿ ಗುಡ್ಡೆಯಾಗುತ್ತದಲ್ಲ, ಹಾಗೇ ಇಲ್ಲಿ ಗೀರು ಅಗಲವಾಗುತ್ತದೆ. ಗಟ್ಟಿಯಾಗಿ ಒತ್ತಿದರೆ ಪ್ಲಾಸ್ಟಿಕ್ಕಿಗೇ ಗಾಯವಾಗುತ್ತದೆ. ಆಮೇಲೆ ಪಿಬಿಎಸ್ ಅನ್ನು (ಕೋಶ ತೊಳೆಯುವ ಉಪ್ಪಿನ ದ್ರಾವಣ) ವೆಲ್ಲಿನ ಗೋಡೆಯ ಗುಂಟ ಬಿಟ್ಟು ಎರಡು ಸಲ ತೊಳೆಯಿರಿ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಮೇಜಿನ ಮೇಲಿಟ್ಟ ಬಾಟಲಿ ತಣ್ಣಗಿರುತ್ತದೆ, 37 ಡಿಗ್ರಿಗೆ ಬಿಸಿ ಮಾಡಿಕೊಳ್ಳದೆ ಸುರಿದರೆ ಅಂಚಿನ ಕೋಶಗಳು ಹಾಳೆ ಹಾಳೆಯಾಗಿ ಎದ್ದು ಬರುತ್ತವೆ.

ಇನ್ನು ಸೀರಂ, ಅಂದರೆ ಕೋಶ ಬೆಳೆಯಲೆಂದು ಅವುಗಳ ಆಹಾರದ ದ್ರವಕ್ಕೆ ಸೇರಿಸುವ ರಕ್ತದ ತಿಳಿ. ಮೊದಲ ವರ್ಷ ಬೇರೊಂದು ಲ್ಯಾಬಿನಲ್ಲಿ ನಾನು ಎಂದಿನ 10 ಪರ್ಸೆಂಟ್ ಸೀರಮ್ಮಿನಲ್ಲೇ 48 ಗಂಟೆ ಬಿಟ್ಟಿದ್ದೆ. ಎರಡೂ ಗುಂಪಿನಲ್ಲಿ ಗೀರು ಮುಚ್ಚಿಹೋಗಿತ್ತು. ನಡೆದು ಬಂದವೋ, ಅಲ್ಲೇ ಮರಿಯಾದವೋ ಹೇಳಲು ದಾರಿಯೇ ಇರಲಿಲ್ಲ. ಮೂರು ವಾರದ ಕೆಲಸ ಹೋಯಿತು, ಆ ದಿನ ಅತ್ತಿದ್ದೆ. ಕೆರೆಯಲ್ಲಿ ಅಂತರಗಂಗೆ ದಡದಿಂದ ನಡುನೀರಿಗೆ ಬಂದದ್ದು ಕಂಡರೆ ಗಾಳಿ ತಳ್ಳಿತೋ, ಅದೇ ಹಬ್ಬಿತೋ, ಒಂದು ನೋಟಕ್ಕೆ ಗೊತ್ತಾಗುತ್ತದೆಯೇ? ಆದ್ದರಿಂದ ಸೀರಂ 1 ಪರ್ಸೆಂಟಿಗೆ ಇಳಿಸಿ, 24 ಗಂಟೆಗೇ ನಿಲ್ಲಿಸಿ. ಜೊತೆಗೆ ಗೀರಿಲ್ಲದ ಇನ್ನೊಂದು ಪ್ಲೇಟ್ ಇಟ್ಟು, 0 ಮತ್ತು 24 ಗಂಟೆಗೆ ಕೋಶಗಳನ್ನು ಎಣಿಸಿ. ಎರಡೂ ಗುಂಪಿನ ಎಣಿಕೆ ಒಂದೇ ಇದ್ದು ಗೀರು ಮಾತ್ರ ಬೇರೆ ಬೇರೆಯಾಗಿ ಮುಚ್ಚಿದರೆ ಅದು ನಡಿಗೆಯ ವ್ಯತ್ಯಾಸ. ಮೈಟೋಮೈಸಿನ್ ಹಾಕಿ ಕೋಶ ವಿಭಜನೆ ನಿಲ್ಲಿಸುವವರೂ ಇದ್ದಾರೆ. ಅದು ವಿಷ, ಹೊಸಬರ ಕೈಗೆ ನಾನು ಕೊಡುವುದಿಲ್ಲ.

ಫೋಟೋ 0, 12, 24 ಗಂಟೆಗೆ. ಬೆಳಿಗ್ಗೆ 8ಕ್ಕೆ ಗೀರಿದರೆ ರಾತ್ರಿ 8ಕ್ಕೆ ಫೋಟೋ ತೆಗೆದು ಮನೆಗೆ ಹೋಗಬಹುದು. 11ಕ್ಕೆ ಶುರು ಮಾಡಿದ ಹುಡುಗಿಯರು ರಾತ್ರಿ ಹನ್ನೊಂದಕ್ಕೆ ಹೆಬ್ಬಾಳದಲ್ಲಿ ಬಸ್ಸಿಗೆ ನಿಲ್ಲುವುದು ನನಗೆ ಸರಿಬರುವುದಿಲ್ಲ. 12 ಗಂಟೆಯ ಹೊತ್ತಿಗೆ ಅಂಚಿನ ಕೋಶಗಳು ಬೀಸಣಿಗೆಯಂಥ ತೆಳು ಪಾದ ಚಾಚಿರುತ್ತವೆ. ಎನ್‌ಎಂಇ1 ಹೆಚ್ಚಿರುವ ವೆಲ್ಲಿನಲ್ಲಿ ಅಂಥವು ಕಡಿಮೆಯೇ ಎಂದು ಕಣ್ಣಾರೆ ನೋಡಿ, ಆಮೇಲೆ ಇಮೇಜ್‌ಜೆ ಎಂಬ ಫೋಟೋ ಅಳೆಯುವ ಸಾಫ್ಟ್‌ವೇರಿನಲ್ಲಿ ಖಾಲಿ ಜಾಗ ಅಳೆಯಿರಿ. ಮೊದಲಿನ ಖಾಲಿ ಜಾಗದಿಂದ ಕೊನೆಗೆ ಉಳಿದ ಖಾಲಿ ಜಾಗವನ್ನು ಕಳೆದು, ಮೊದಲಿನದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಚ್ಚಿದ ಪರ್ಸೆಂಟ್. ಅಳೆಯುವವರಿಗೆ ಯಾವ ವೆಲ್ ಯಾವುದೆಂದು ತಿಳಿಯದಂತೆ ಫೈಲಿನ ಹೆಸರು ಬದಲಿಸಿ. ಪ್ರತಿ ಗುಂಪಿಗೆ ಮೂರು ವೆಲ್, ಮೂರು ಬೇರೆ ದಿನ ಮಾಡಿ.

ಸಾಧ್ಯವಾದರೆ ಇದೇ ಪ್ರೋಟೀನಿನ ಪಿ96ಎಸ್ ರೂಪಾಂತರವನ್ನೂ (96ನೇ ಅಮೈನೋ ಆಮ್ಲ ಬದಲಾದದ್ದು) ಇಡಿ. ಕಿಣ್ವವಾಗಿ ಕೆಲಸ ಮಾಡಿಕೊಂಡೇ ಅದು ನಡಿಗೆ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಫಾಸ್ಫೇಟ್ ದಾಟಿಸುವುದೊಂದೇ ಇದರ ಗುಟ್ಟಲ್ಲ ಎಂದು ನಿಮಗೇ ಕಾಣುತ್ತದೆ. ಮನೆಯಲ್ಲಿ ಯಾರಾದರೂ "ಇದರ ಮಾತ್ರೆ ಇದೆಯಾ?" ಎಂದರೆ ಇಲ್ಲ ಎಂದೇ ಹೇಳಿ. ಇದು ಹೆಚ್ಚಾದರೆ ಎಲ್ಲ ಕಡೆ ಒಳ್ಳೆಯದೆಂದೂ ಅಲ್ಲ: ಮಕ್ಕಳ ನ್ಯೂರೋಬ್ಲಾಸ್ಟೋಮಾದಲ್ಲಿ (ಒಂದು ಬಗೆಯ ನರಕೋಶದ ಕ್ಯಾನ್ಸರ್) ಇದೇ ಪ್ರೋಟೀನು ಹೆಚ್ಚಿದ್ದರೆ ಕಾಯಿಲೆ ಉಗ್ರವಾಗಿರುತ್ತದೆ.

ಮುಗಿದ ಪ್ಲೇಟಿಗೆ ಹೈಪೋಕ್ಲೋರೈಟ್ ಹಾಕಿ ಅರ್ಧ ಗಂಟೆ ಬಿಟ್ಟು ಹಳದಿ ಚೀಲಕ್ಕೆ. ನೋಟ್‌ಬುಕ್ಕಿನಲ್ಲಿ ಕೋಶದ ಪ್ಯಾಸೇಜ್ ನಂಬರ್ (ಎಷ್ಟನೇ ಸಲ ಹೊಸ ಪ್ಲೇಟಿಗೆ ಹಂಚಿದ್ದು), ಸೀರಂ ಲಾಟ್, ಗೀರಿದವರ ಹೆಸರು ಅವತ್ತೇ ಬರೆಯಿರಿ.