ಟೊಮೆಟೊ ಗಿಡಕ್ಕೆ ಅಂಗಮಾರಿ ತಗುಲಿದಾಗ

ಬುಡದ ಹಳೆಯ ಎಲೆಗಳಲ್ಲಿ ಒಂದರೊಳಗೊಂದು ಉಂಗುರವಿರುವ ಕಂದು ಚುಕ್ಕೆಗಳು ಕಂಡರೆ ಅದು ಮುಂಚಿನ ಅಂಗಮಾರಿ. ಜಿಟಿಜಿಟಿ ಮಳೆಯ ತಂಪಿನಲ್ಲಿ ಎಲೆಗಳು ಬೆಂದಂತೆ ಕಪ್ಪಾಗಿ, ಮುಂಜಾನೆ ಅವುಗಳ ಅಡಿಯಲ್ಲಿ ಬಿಳಿ ಬೂಷ್ಟು ಮೂಡಿದರೆ ಅದು ಕೊನೆಯ ಅಂಗಮಾರಿ. ಎರಡನೆಯದು ಕಾಂಡಕ್ಕೂ ಕಾಯಿಗೂ ಹಬ್ಬಿದ್ದರೆ ಗಿಡವನ್ನು ಉಳಿಸಲು ಹೆಣಗುವುದಕ್ಕಿಂತ ಕಿತ್ತು ಸುಡುವುದೇ ಲೇಸು. ಗೊಬ್ಬರದ ಗುಂಡಿಗಂತೂ ಹಾಕಬಾರದು.

ತಡೆಯ ಕೆಲಸ ನಾಟಿಯಿಂದಲೇ ಆರಂಭವಾಗಬೇಕು. ಗಿಡಗಳ ನಡುವೆ ಎರಡು ಅಡಿ ಬಿಟ್ಟು, ಕೋಲು ಕಟ್ಟಿ, ನೆಲ ಮುಟ್ಟುವ ಎಲೆಗಳನ್ನು ಚಿವುಟಿ, ಮಣ್ಣು ಸಿಡಿಯದಂತೆ ಬುಡಕ್ಕೆ ಒಣಹುಲ್ಲು ಹೊದಿಸಿ, ಎಲೆ ನೆನೆಯದಂತೆ ಬೆಳಿಗ್ಗೆಯೇ ನೀರುಣಿಸಬೇಕು. ಆಲೂಗಡ್ಡೆ ಬೆಳೆದ ಮಡಿಯನ್ನು ಬಳಸಬಾರದು. ಬೆಂಗಳೂರು ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಭಿವೃದ್ಧಿಪಡಿಸಿದ ಅರ್ಕಾ ರಕ್ಷಕ್ ತಳಿಯು ಮುಂಚಿನ ಅಂಗಮಾರಿಯನ್ನು ತಡೆದುಕೊಳ್ಳುತ್ತದೆ.

ಚುಕ್ಕೆ ಕಂಡೊಡನೆ ರೋಗದ ಎಲೆಗಳನ್ನು ತೆಗೆದು, ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಬೆರೆಸಿ ಎಲೆಯಡಿಯೂ ತೋಯುವಂತೆ ಸಿಂಪಡಿಸಿ, ಪೊಟ್ಟಣದಲ್ಲಿ ಸೂಚಿಸಿದಷ್ಟು ದಿನ ಕಳೆದ ಬಳಿಕವೇ ಹಣ್ಣು ಕೀಳಬೇಕು.