ಅಪ್ಪನಿಗೆ ನೀವು, ಅಮ್ಮನಿಗೆ ನೀನು

ಮೈಸೂರಿನಲ್ಲಿ ಒಂದು ಸಣ್ಣ ಶಿಶುವಿಹಾರ ನಡೆಸುತ್ತೇನೆ. ತಿಂಗಳಿಗೊಂದು ಶನಿವಾರ ಪೋಷಕರ ಸಭೆ. ಮೊದಲೆಲ್ಲ ಅದು ಫೀಸು, ಊಟದ ಡಬ್ಬಿ, ನೆಗಡಿ ಕೆಮ್ಮು ಇಷ್ಟರಲ್ಲೇ ಮುಗಿದುಹೋಗುತ್ತಿತ್ತು. ಮಕ್ಕಳು ಮನೆಯಲ್ಲಿ ಹೇಗಿರುತ್ತಾರೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಕೊನೆಯ ಅರ್ಧ ಗಂಟೆಗೆ ಒಂದೇ ಒಂದು ಪ್ರಶ್ನೆ ಬೋರ್ಡಿನ ಮೇಲೆ ಬರೆದು ಎಲ್ಲರ ಅಭಿಪ್ರಾಯ ಕೇಳಲು ಶುರು ಮಾಡಿದೆ.

ಮೊದಲ ಸಲ ಮಾತೇ ಹುಟ್ಟಲಿಲ್ಲ. 'ಊಟ ಮಾಡಿಸುವಾಗ ಮೊಬೈಲ್ ಕೊಡುವುದು ಸರಿಯೇ?' ಅಂತ ಬರೆದಿದ್ದೆ. ಎಲ್ಲರೂ ತಪ್ಪು ಅಂದರು, ಎದ್ದು ಹೋದರು. ಮುಂದಿನ ತಿಂಗಳು ಅದನ್ನೇ ಬೇರೆ ಥರ ಕೇಳಿದೆ. 'ನಿನ್ನೆ ರಾತ್ರಿ ಊಟದ ಹೊತ್ತಿಗೆ ಮೊಬೈಲ್ ಯಾರ ಕೈಲಿತ್ತು?' ಸ್ವಲ್ಪ ಹೊತ್ತು ಎಲ್ಲರೂ ಸುಮ್ನಿದ್ದರು. ಆಮೇಲೆ ಒಬ್ಬರು 'ನನ್ನ ಕೈಲೇ ಇತ್ತು ಮಿಸ್' ಅಂದರು. ಅಲ್ಲಿಂದ ಒಬ್ಬೊಬ್ಬರೇ ಬಾಯಿ ಬಿಟ್ಟರು. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ನಾಲ್ಕರವರೆಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆಯಲ್ಲ, ಅದನ್ನು ಎಲ್ಲರ ಮಾತು ಮುಗಿದ ಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಮತ್ತೆ ಎಲ್ಲರೂ 'ತಪ್ಪು' ಅನ್ನುತ್ತಿದ್ದರು, ಅಷ್ಟೇ.

ನಾನು ಮರೆಯದ ಸಭೆ ಅಂದರೆ ನೀನು-ನೀವು ಸಭೆ. 'ನಿಮ್ಮ ಮಗು ಅಪ್ಪನಿಗೆ ಏನನ್ನುತ್ತದೆ, ಅಮ್ಮನಿಗೆ ಏನನ್ನುತ್ತದೆ?' ಅಷ್ಟೇ ಪ್ರಶ್ನೆ. ಜಾಸ್ತಿ ಮನೆಗಳಲ್ಲಿ ಅಪ್ಪ 'ನೀವು', ಅಮ್ಮ 'ನೀನು'. ಹುಬ್ಬಳ್ಳಿ ಕಡೆಯ ತಾಯಿಯೊಬ್ಬರು, 'ನಾವು ಅಪ್ಪಗೂ ನೀ ಅಂತೀವ್ರಿ, ಅದ್ರಿಂದ ಮರ್ಯಾದಿ ಏನೂ ಕಡಿಮಿ ಆಗಿಲ್ರಿ' ಅಂದರು. ಮೊಮ್ಮಗನ ಜೊತೆ ಬಂದಿದ್ದ ಅಜ್ಜಿಗೆ ಇದು ಹಿಡಿಸಲಿಲ್ಲ. ಕೇರಳದವರೊಬ್ಬರು ತಮ್ಮಲ್ಲಿ ನೀನು-ನೀವು ಎರಡನ್ನೂ ಬಿಟ್ಟು, ಅಪ್ಪನೆದುರೇ 'ಅಚ್ಛನ್ ಊಟ ಮಾಡಿದರಾ' ಅಂತ ಕೇಳುವ ರೂಢಿ ಹೇಳಿದರು. ಆಗ ಹಿಂದಿನ ಸಾಲಿನಲ್ಲಿದ್ದ ತಂದೆಯೊಬ್ಬರು ಬಾಯಿ ಬಿಟ್ಟರು. 'ಮಗಳು ಅವರಮ್ಮನಿಗೆ ಬಾ ಅಂತಾಳೆ, ನನಗೆ ಬನ್ನಿ ಅಂತಾಳೆ. ನೆಂಟರನ್ನ ಕರೆದ ಹಾಗೆ ಇರತ್ತೆ ಮಿಸ್.'

ಅದುವರೆಗೆ ಇದು ಮರ್ಯಾದೆಯ ವಿಷಯ ಅಂದುಕೊಂಡಿದ್ದೆ. ಒಬ್ಬ ತಾಯಿ ಮೆಲ್ಲಗೆ, 'ನಾನು ಅವರಿಗೆ ನೀವು ಅಂತೀನಿ, ಅವರು ನನಗೆ ನೀನು ಅಂತಾರೆ. ಮಗು ಅದನ್ನೇ ಕಲಿತಿದೆ, ಅಲ್ವಾ?' ಅಂದರು. ನಮ್ಮ ಮನೆಯಲ್ಲೂ ಹಾಗೇ. ನನ್ನ ಮಗನಿಗೆ ಇದನ್ನು ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಅವತ್ತು ಮನೆಗೆ ಬಂದ ಮೇಲೂ ಅದೇ ಯೋಚನೆ.

ಒಂದು ಸಲ ದೊಡ್ಡ ತಪ್ಪು ಮಾಡಿದೆ. ಹಸುಗೂಸಿಗೆ ಜೇನು ನೆಕ್ಕಿಸುವುದರ ಬಗ್ಗೆಯೂ ಅಭಿಪ್ರಾಯ ಕೇಳಿಬಿಟ್ಟೆ. ಅರ್ಧ ಜನ 'ನೆಕ್ಕಿಸಬಹುದು' ಅಂತ ಕೈ ಎತ್ತಿದರು. ಮನೆಯಲ್ಲಿ ಮೂರು ತಿಂಗಳ ಕೂಸಿದ್ದ ತಾಯಿಯೊಬ್ಬರು ಅದನ್ನು ನೋಡುತ್ತಾ ಕೂತಿದ್ದರು. ಸಂಜೆ ನನಗೆ ತಡೆಯಲಾಗದೆ ಫೋನ್ ಮಾಡಿದೆ. ಒಂದು ವರ್ಷದೊಳಗೆ ಜೇನು ಬೇಡವೇ ಬೇಡ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಹುದು ಎಂದು ಬಿಡಿಸಿ ಹೇಳಿದೆ. ಇಂಥದ್ದನ್ನೆಲ್ಲ ಈಗ ಕೈ ಎತ್ತಿಸಿ ಕೇಳುವುದಿಲ್ಲ. ಕಣ್ಣಿಗೆ ಕಾಡಿಗೆ ಹಚ್ಚುವುದೂ ಅಷ್ಟೇ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ವೈದ್ಯರು ಹೇಳುವುದನ್ನು ನೇರವಾಗಿ ಹೇಳಿಬಿಡುತ್ತೇನೆ.

ಇನ್ನೊಂದು ವಿಷಯ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ ಮಾತಾಡುವುದಿಲ್ಲ. ಹಾಗಾಗಿ ಮೊದಲು ಎಲ್ಲರಿಗೂ ಹೆಸರಿಲ್ಲದ ಚೀಟಿ ಕೊಟ್ಟು ಬರೆಸುತ್ತೇನೆ, ಒಟ್ಟು ಕಲೆಸಿ ನಾನೇ ಓದುತ್ತೇನೆ. ಯಾರದು ಅಂತ ಯಾರಾದರೂ ಊಹಿಸಲು ಹೊರಟರೆ ಅಲ್ಲೇ ತಡೆಯುತ್ತೇನೆ.

ಈ ಶನಿವಾರದ ಪ್ರಶ್ನೆ ಆಗಲೇ ಬರೆದಿಟ್ಟಿದ್ದೇನೆ. 'ಮಗು ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ನಿಮ್ಮ ಮನೇಲಿ ಯಾರು ತಿಂತಾರೆ?'